ಒಂದು ಗುಂಟೆಗೆ ಒಂದು ಪಿಕ್ಸೆಲ್: ಉಪಗ್ರಹ ಚಿತ್ರ ಉಚಿತ, ಅದನ್ನು ಓದುವ ವಿದ್ಯೆ ಏಕೆ ಕೈಗೆಟುಕುತ್ತಿಲ್ಲ?

2025ರ ಜುಲೈ 30ರಂದು ಶ್ರೀಹರಿಕೋಟದಿಂದ ನಿಸಾರ್ ಉಪಗ್ರಹ ಕಕ್ಷೆಗೆ ಏರಿತು. ಇಸ್ರೊ ಮತ್ತು ನಾಸಾ ಕೂಡಿ ಕಟ್ಟಿದ ಈ ರೇಡಾರ್ ಉಪಗ್ರಹ 12 ದಿನಕ್ಕೊಮ್ಮೆ ಅದೇ ನೆಲದ ಮೇಲೆ ಹಾದುಹೋಗುತ್ತದೆ, ಅದರ ದತ್ತಾಂಶ ಎಲ್ಲರಿಗೂ ಉಚಿತ. ಉಪಗ್ರಹ ಚಿತ್ರ ಓದಿ ನೆಲದ ಸ್ಥಿತಿ ತಿಳಿಯುವ ದೂರಸಂವೇದಿ ತಂತ್ರಜ್ಞಾನ ಕಲಿಸುವ ಆನ್‌ಲೈನ್ ತರಬೇತಿಗಳೂ ಉಚಿತ. ಇತ್ತ ಬೆಳೆ ವಿಮೆಯ ಇಳುವರಿ ಲೆಕ್ಕಕ್ಕೂ ಉಪಗ್ರಹ ಬಂದು ಕೂತಿದೆ. ಸುದ್ದಿ ಓದುವವರಿಗೆ ಗೊಂದಲ ಆಗುವುದು ಇಲ್ಲೇ. ಚಿತ್ರ ಉಚಿತ, ಸಾಫ್ಟ್‌ವೇರ್ ಉಚಿತ, ಪಾಠವೂ ಉಚಿತ ಎಂದಾದರೆ, ಎರಡು ಮೂರು ಪ್ರಮಾಣಪತ್ರ ಇಟ್ಟುಕೊಂಡ ಪದವೀಧರರೂ ತಮ್ಮ ಹೋಬಳಿಯ ಭತ್ತದ ನಕ್ಷೆ ಮಾಡಲು ಕೂತಾಗ ಏಕೆ ತಡವರಿಸುತ್ತಾರೆ?

ಬುದ್ಧಿಯ ಕೊರತೆ ಇದಕ್ಕೆ ಕಾರಣವಲ್ಲ. ಪಾಠ ತಯಾರಾದ ಊರಿಗೂ ಪಾಠ ಕೇಳುವ ಊರಿಗೂ ನಡುವೆ ಇರುವ ಅಂತರ ಕಾರಣ. ಮಂಡ್ಯದಲ್ಲಿ ಕಾಣುವ ಈ ಅಂತರವೇ ನೈರೋಬಿಯಲ್ಲೂ ಕಠ್ಮಂಡುವಿನಲ್ಲೂ ಕಾಣುತ್ತದೆ.

ಇಲ್ಲಿಯವರೆಗಿನ ದಾರಿ

2008ರವರೆಗೆ ಅಮೆರಿಕದ ಲ್ಯಾಂಡ್‌ಸ್ಯಾಟ್ 7 ಉಪಗ್ರಹದ ಒಂದು ಚಿತ್ರಕ್ಕೆ 600 ಡಾಲರ್ ತೆರಬೇಕಿತ್ತು. ಆ ವರ್ಷ ಅಮೆರಿಕ ಇಡೀ ಸಂಗ್ರಹವನ್ನು ಉಚಿತಗೊಳಿಸಿತು. 2014ರಲ್ಲಿ ಯುರೋಪಿನ ಸೆಂಟಿನೆಲ್-1, 2015ರಲ್ಲಿ ಸೆಂಟಿನೆಲ್-2 ಹಾರಿದವು, ಅವುಗಳ ಚಿತ್ರಕ್ಕೂ ಬೆಲೆಯಿಲ್ಲ. ನಮ್ಮಲ್ಲಿ 1988ರ ಐಆರ್‌ಎಸ್-1ಎಯಿಂದ ಶುರುವಾದ ಸರಣಿ ರಿಸೋರ್ಸ್‌ಸ್ಯಾಟ್‌ವರೆಗೆ ಬಂದಿದೆ. 2023ರ ಭಾರತೀಯ ಬಾಹ್ಯಾಕಾಶ ನೀತಿಯ ಪ್ರಕಾರ 5 ಮೀಟರ್ ಅಥವಾ ಅದಕ್ಕಿಂತ ಒರಟು ವಿವರದ ಸರ್ಕಾರಿ ಚಿತ್ರಗಳು ಉಚಿತ. ಭೂನಿಧಿ ಜಾಲತಾಣದಲ್ಲಿ ಅವು ಸಿಗುತ್ತವೆ.

ಕಲಿಸುವ ಕೆಲಸಕ್ಕೂ ಇತಿಹಾಸ ಇದೆ. ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ, ಅಂದರೆ ಐಐಆರ್‌ಎಸ್, 1966ರಷ್ಟು ಹಳೆಯದು. ಶಿಕ್ಷಣಕ್ಕಾಗಿಯೇ 2004ರಲ್ಲಿ ಹಾರಿಸಿದ ಎಜುಸ್ಯಾಟ್ ಉಪಗ್ರಹವನ್ನು ಬಳಸಿಕೊಂಡು ಅದು 2007ರಲ್ಲಿ ದೂರ ತರಬೇತಿ ಆರಂಭಿಸಿತು. ಈಗ ಆ ತರಗತಿಗಳು ಇಂಟರ್ನೆಟ್ ಮೂಲಕ ನಡೆಯುತ್ತವೆ. ಏಷ್ಯಾ-ಪೆಸಿಫಿಕ್ ದೇಶಗಳವರಿಗಾಗಿ ವಿಶ್ವಸಂಸ್ಥೆಗೆ ಸೇರಿದ ತರಬೇತಿ ಕೇಂದ್ರವೊಂದು 1995ರಿಂದ ಅದೇ ಊರಿನಲ್ಲಿದೆ. ನಾಸಾದ ಆರ್ಸೆಟ್ ಕಾರ್ಯಕ್ರಮ 2009ರಿಂದ ಜಗತ್ತಿಗೆಲ್ಲ ಉಚಿತ ಪಾಠ ಹೇಳುತ್ತಿದೆ. ಹಾಗಾಗಿ ಪಾಠಕ್ಕೆ ಬರವಿಲ್ಲ. ಆ ಪಾಠ ನಮ್ಮ ಗದ್ದೆಗೆ ಇಳಿಯುವಾಗ ಏನಾಗುತ್ತದೆ ಎಂಬುದನ್ನು ನೋಡಬೇಕು.

ಗುಂಟೆ ಲೆಕ್ಕದಲ್ಲಿ ಪಿಕ್ಸೆಲ್

ಒಂದು ಗುಂಟೆ ಎಂದರೆ 1,089 ಚದರ ಅಡಿ, ಸುಮಾರು 101 ಚದರ ಮೀಟರ್. ಬ್ಯಾಂಡ್ ಎಂದರೆ ಬೆಳಕಿನ ಒಂದು ಬಣ್ಣದ ಪಟ್ಟಿ, ಪಿಕ್ಸೆಲ್ ಎಂದರೆ ಚಿತ್ರದ ಒಂದು ಚುಕ್ಕಿ. ಸೆಂಟಿನೆಲ್-2ರ ಸೂಕ್ಷ್ಮ ಬ್ಯಾಂಡ್‌ಗಳ ಒಂದು ಪಿಕ್ಸೆಲ್ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ಗುಂಟೆಗೊಂದು ಪಿಕ್ಸೆಲ್ ಎಂದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಇಷ್ಟು ಹೇಳಿದರೆ ಮಂಡ್ಯದ ಹುಡುಗಿಯೊಬ್ಬಳಿಗೆ ‘ಸ್ಪೇಷಿಯಲ್ ರೆಸಲ್ಯೂಷನ್’, ಅಂದರೆ ಚಿತ್ರದ ವಿವರ ಎಷ್ಟು ಸೂಕ್ಷ್ಮ ಎಂಬುದನ್ನು, ಬೇರೆಯಾಗಿ ವಿವರಿಸಬೇಕಿಲ್ಲ. ಪಹಣಿಯಲ್ಲಿ 20 ಗುಂಟೆ ಇದ್ದರೆ ಚಿತ್ರದಲ್ಲಿ ಸುಮಾರು 20 ಚುಕ್ಕಿ. ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಪಿಕ್ಸೆಲ್ ಒಂದಕ್ಕೆ ಹತ್ತಿರ ಹತ್ತಿರ 9 ಗುಂಟೆ ಬೇಕು. ರಿಸೋರ್ಸ್‌ಸ್ಯಾಟ್‌ನ 56 ಮೀಟರ್ ಕ್ಯಾಮೆರಾಕ್ಕೆ 31 ಗುಂಟೆ.

ಇದರಿಂದ ಮುಖ್ಯವಾದ ಪರಿಣಾಮ ಒಂದಿದೆ. ಚಚ್ಚೌಕವಾದ ಒಂದು ಎಕರೆಯ ಬದಿ ಸುಮಾರು 64 ಮೀಟರ್. ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಅದರೊಳಗೆ ಪೂರ್ತಿ ಕೂರುವ ಪಿಕ್ಸೆಲ್ ಒಂದು, ಅದೃಷ್ಟವಿದ್ದರೆ ನಾಲ್ಕು. ಉಳಿದವುಗಳಲ್ಲಿ ಬದು, ತೆಂಗಿನ ಸಾಲು, ಪಕ್ಕದವರ ಕಬ್ಬು, ನಾಲೆಯ ಏರಿ ಎಲ್ಲವೂ ಬೆರೆತಿರುತ್ತವೆ. ವಿದೇಶಿ ಪಾಠಗಳ ಅಭ್ಯಾಸಕ್ಕೆ ಆಯ್ದ ಹೊಲಗಳು ಹತ್ತಾರು ಹೆಕ್ಟೇರಿನವು, ಒಂದೇ ಬೆಳೆಯವು. ಅಲ್ಲಿ ಕಲಿತ ಕೈ ಇಲ್ಲಿ ಹೊಲದ ಅಂಚಿನ ಪಿಕ್ಸೆಲ್‌ಗಳನ್ನೂ ಬೆಳೆ ಗುರುತಿಸಲು ಕಂಪ್ಯೂಟರ್‌ಗೆ ಮಾದರಿಯಾಗಿ ಕೊಟ್ಟುಬಿಡುತ್ತದೆ, ಅಲ್ಲಿಂದಲೇ ನಕ್ಷೆ ಕೆಡಲು ಶುರುವಾಗುತ್ತದೆ. ಸಣ್ಣ ಹಿಡುವಳಿಯ ನಾಡಿನಲ್ಲಿ ಗಡಿಯಿಂದ ಕನಿಷ್ಠ ಒಂದು ಪಿಕ್ಸೆಲ್ ಒಳಗೆ ಸರಿದು ಮಾದರಿ ಗುರುತಿಸಬೇಕು ಎಂಬುದನ್ನು ಮೊದಲ ವಾರವೇ ಹೇಳಿಕೊಡಬೇಕು.

ಒಂದು ಚಿತ್ರ, ಅರ್ಧ ದಿನದ ಡೇಟಾ

ಸೆಂಟಿನೆಲ್-2ರ ಒಂದು ಹಾಳೆ 110 ಕಿಲೋಮೀಟರ್ ಉದ್ದಗಲದ್ದು, ಕಡತದ ಗಾತ್ರ ಒಂದು ಜಿಬಿಯ ಆಸುಪಾಸು. ದಿನಕ್ಕೆ ಒಂದೂವರೆ, ಎರಡು ಜಿಬಿ ಪ್ಯಾಕ್ ಹಾಕಿಸಿಕೊಂಡ ವಿದ್ಯಾರ್ಥಿಯ ಅರ್ಧ ದಿನದ ಡೇಟಾ ಒಂದೇ ಚಿತ್ರಕ್ಕೆ ಹೋಯಿತು. ಮಿತಿ ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿದರೆ ಅದೇ ಒಂದು ಜಿಬಿ ಇಳಿಸಿಕೊಳ್ಳಲು ಸುಮಾರು 35 ಗಂಟೆ ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೆ ಮೊದಲಿನಿಂದ. ಬೆಳೆ ಗುರುತಿಸಲು ಒಂದು ಚಿತ್ರ ಸಾಲದು, ತಿಂಗಳಿಗೊಂದರಂತೆ 12 ಬೇಕು. ಹನ್ನೆರಡು ಜಿಬಿ!

ಆದರೆ ವಿದ್ಯಾರ್ಥಿಗೆ ಬೇಕಾಗಿದ್ದು ಅವನ ಹೋಬಳಿ ಮಾತ್ರ. 10 ಕಿಲೋಮೀಟರ್ ಉದ್ದ, 10 ಕಿಲೋಮೀಟರ್ ಅಗಲದ ತುಂಡು ಕತ್ತರಿಸಿದರೆ ಸಾವಿರಕ್ಕೆ ಸಾವಿರ, ಒಟ್ಟು 10 ಲಕ್ಷ ಪಿಕ್ಸೆಲ್. ನೀಲಿ, ಹಸಿರು, ಕೆಂಪು, ಕಣ್ಣಿಗೆ ಕಾಣದ ಅವಕೆಂಪು ಎಂಬ ನಾಲ್ಕು ಬ್ಯಾಂಡ್, ಪ್ರತಿ ಪಿಕ್ಸೆಲ್‌ಗೆ ಎರಡು ಬೈಟ್. 8 ಎಂಬಿಗೆ ಮುಗಿಯಿತು. ವರ್ಷದ 12 ಚಿತ್ರ ಸೇರಿದರೂ 100 ಎಂಬಿ ದಾಟುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಕೊಡಬಹುದು, ವಾಟ್ಸ್‌ಆ್ಯಪ್‌ನಲ್ಲೂ ಕಳಿಸಬಹುದು. ಕೋರ್ಸ್ ನಡೆಸುವವರು ಒಂದು ಸಂಜೆ ಕೂತು ಮಾಡುವ ಈ ಕತ್ತರಿ ಕೆಲಸ ನೂರಾರು ಕಲಿಯುವವರ ತಿಂಗಳ ಪರದಾಟ ತಪ್ಪಿಸುತ್ತದೆ. ಇಷ್ಟು ಸುಲಭದ ಕೆಲಸ ಬಹುತೇಕ ಪಾಠಗಳಲ್ಲಿ ಏಕಿಲ್ಲ ಎಂದರೆ, ಪಾಠ ಮಾಡುವವರ ಕಚೇರಿಯಲ್ಲಿ ಒಂದು ಜಿಬಿ ಒಂದು ನಿಮಿಷದಲ್ಲಿ ಇಳಿಯುತ್ತದೆ.

ಮೂರು ವಾದಗಳು

ಹೇಗೆ ಕಲಿಸಬೇಕು ಎನ್ನುವಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ.

ಮೊದಲನೆಯದು ನೇರ ಪ್ರಸಾರದ ವಾದ. ಒಳ್ಳೆಯ ಮೇಷ್ಟ್ರು ಒಬ್ಬರು ಸಾವಿರಾರು ಜನಕ್ಕೆ ಒಮ್ಮೆಗೇ ಪಾಠ ಹೇಳಲಿ, ಕಾಲೇಜುಗಳು ನೋಡಲ್ ಕೇಂದ್ರವಾಗಿ ಸೇರಿಕೊಳ್ಳಲಿ. ಖರ್ಚು ಕಡಿಮೆ, ತಲುಪುವುದು ದೂರ, ಸಿದ್ಧಾಂತಕ್ಕೆ ಇದು ಚೆನ್ನ. ಆದರೆ ಸಾವಿರ ಜನ ಒಟ್ಟಿಗೆ ಪ್ರಶ್ನೆ ಹಾಕಿದರೆ ಉತ್ತರ ಸಿಗುವುದು ಹತ್ತು ಜನಕ್ಕೆ. ಸಮಯವೂ ಒಂದು ತೊಡಕು. ಬೇಸಿಗೆ ಗಡಿಯಾರದಲ್ಲಿ ಅಮೆರಿಕದ ಪೂರ್ವ ಕರಾವಳಿಯ ಬೆಳಗ್ಗೆ 10 ನಮಗೆ ಸಂಜೆ 7.30, ಕಠ್ಮಂಡುವಿಗೆ 7.45, ನೈರೋಬಿಗೆ 5. ಹಾಜರಾತಿಗೆ ಪ್ರಮಾಣಪತ್ರ ಕೊಟ್ಟರೆ ಹಾಜರಾತಿ ಮಾತ್ರ ಬೆಳೆಯುತ್ತದೆ.

ಎರಡನೆಯದು ಕ್ಲೌಡ್ ವಾದ. ಚಿತ್ರ ಇಳಿಸಿಕೊಳ್ಳುವುದೇ ಬೇಡ, ಗೂಗಲ್ ಅರ್ಥ್ ಎಂಜಿನ್‌ನಂಥ ವ್ಯವಸ್ಥೆಯಲ್ಲಿ ಹತ್ತು ಸಾಲು ಕೋಡ್ ಬರೆದರೆ ಲೆಕ್ಕ ಅಲ್ಲೇ ನಡೆದು ಉತ್ತರ ಮಾತ್ರ ಬರುತ್ತದೆ. 4 ಜಿಬಿ ರ್‍ಯಾಮ್‌ನ ಹಳೆ ಲ್ಯಾಪ್‌ಟಾಪ್ ಸಾಕು. ಆಫ್ರಿಕಾದಲ್ಲಿ ಡಿಜಿಟಲ್ ಅರ್ಥ್ ಆಫ್ರಿಕಾ ಸಂಸ್ಥೆ ಬ್ರೌಸರ್‌ನಲ್ಲೇ ಓಡುವ ನೋಟ್‌ಬುಕ್‌ಗಳಲ್ಲಿ, ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ಕಲಿಸುತ್ತಿದೆ. ವಿರೋಧಿಸುವವರ ಮಾತಿನಲ್ಲೂ ಹುರುಳಿದೆ. ಅರ್ಥ್ ಎಂಜಿನ್ ಕಲಿಕೆಗೆ, ಸಂಶೋಧನೆಗೆ ಉಚಿತ, ವಾಣಿಜ್ಯ ಬಳಕೆಗೆ 2022ರಿಂದ ಶುಲ್ಕ. ಕಲಿತವನು ನಾಳೆ ವಿಮಾ ಕಂಪನಿಗೋ ಸ್ವಂತ ಉದ್ಯೋಗಕ್ಕೋ ಹೋದರೆ ಅದೇ ಸಲಕರಣೆಗೆ ಹಣ ಕಟ್ಟಬೇಕು. ಖಾತೆಯ ನಿಯಮ ಬದಲಾದರೆ ಪಾಠವೂ ಬದಲಾಗಬೇಕು.

ಮೂರನೆಯದು ಡೆಸ್ಕ್‌ಟಾಪ್ ವಾದ. ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ಸಾಫ್ಟ್‌ವೇರ್ ಹಾಕಿಕೊಂಡು ಕಡತವನ್ನು ಕೈಯಾರೆ ತೆರೆದು ನೋಡಬೇಕು, ಇಂಟರ್ನೆಟ್ ಇಲ್ಲದೆಯೂ ಕೆಲಸ ನಡೆಯಬೇಕು ಎನ್ನುವವರು ಇವರು. ತೊಂದರೆ ಏನೆಂದರೆ ಅಳವಡಿಸುವ ಕಡತವೇ ಒಂದು ಜಿಬಿಯ ಹತ್ತಿರ, ಪ್ಲಗಿನ್‌ಗಳು ಆವೃತ್ತಿ ಬದಲಾದಾಗ ಕೈಕೊಡುತ್ತವೆ, ರೇಡಾರ್ ಚಿತ್ರ ಸಂಸ್ಕರಿಸುವ ಸ್ನ್ಯಾಪ್ ಸಾಫ್ಟ್‌ವೇರ್ ಸರಾಗವಾಗಿ ಓಡಲು 16 ಜಿಬಿ ರ್‍ಯಾಮ್ ಇರುವುದು ಲೇಸು.

ಮೊದಲ ಮೂರು ವಾರ ಕತ್ತರಿಸಿದ 8 ಎಂಬಿ ತುಂಡುಗಳ ಮೇಲೆ ಕ್ಯೂಜಿಐಎಸ್, ಆಮೇಲೆ ಕ್ಲೌಡ್. ಈ ಕ್ರಮವೇ ಸರಿ. ಪಿಕ್ಸೆಲ್‌ನ ಅಂಕಿಯನ್ನು ಕಣ್ಣಾರೆ ಕಂಡವನಿಗೆ ಮಾತ್ರ ಕ್ಲೌಡ್ ತಪ್ಪು ಉತ್ತರ ಕೊಟ್ಟಾಗ ಅದು ತಪ್ಪೆಂದು ಹೊಳೆಯುತ್ತದೆ.

ಹಳೆ ಪಾಠ, ಹೊಸ ಅಂಕಿ

ಆ ಮಾತಿಗೆ ಒಂದು ಉದಾಹರಣೆ. ಸಸ್ಯದ ಹಸಿರು ಅಳೆಯುವ ಎನ್‌ಡಿವಿಐ ಸೂತ್ರ ಎಲ್ಲ ಪಾಠಗಳಲ್ಲೂ ಇದೆ. ಅವಕೆಂಪಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸುವುದು. ಎಲೆಯ ಪತ್ರಹರಿತ್ತು ಕೆಂಪನ್ನು ಹೀರುತ್ತದೆ, ಎಲೆಯ ಒಳರಚನೆ ಅವಕೆಂಪನ್ನು ಚೆಲ್ಲುತ್ತದೆ, ಹಾಗಾಗಿ ಬೆಳೆ ಸೊಂಪಾದಷ್ಟೂ ಅಂಕಿ 1ರ ಕಡೆ ಸಾಗುತ್ತದೆ.

2022ರ ಜನವರಿ 25ರಿಂದ ಸೆಂಟಿನೆಲ್-2ರ ಕಡತಗಳಲ್ಲಿ ಪ್ರತಿ ಅಂಕಿಗೂ 1,000 ಸೇರಿಸಿ ಕೊಡಲಾಗುತ್ತಿದೆ. ಬಳಸುವ ಮುನ್ನ ಆ 1,000 ಕಳೆಯಬೇಕು. ಅದಕ್ಕಿಂತ ಹಿಂದೆ ಮುದ್ರಿಸಿದ ವಿಡಿಯೊಗಳಲ್ಲಿ ಈ ಹೆಜ್ಜೆ ಇಲ್ಲ. ಒಂದು ಭತ್ತದ ಗದ್ದೆಯಲ್ಲಿ ಕೆಂಪು 1,400, ಅವಕೆಂಪು 4,000 ಎಂದಿರಲಿ. ಹಳೆ ಪಾಠದಂತೆ ಮಾಡಿದರೆ 2,600 ಭಾಗಿಸು 5,400, ಉತ್ತರ 0.48. ಸಾವಿರ ಕಳೆದು ಮಾಡಿದರೆ 2,600 ಭಾಗಿಸು 3,400, ಉತ್ತರ 0.76. ಬೆಳೆ ಸೊಗಸಾಗಿ ನಿಂತಿದ್ದರೂ ನಕ್ಷೆಯಲ್ಲಿ ಬಾಡಿದಂತೆ ಕಾಣುತ್ತದೆ. 2021 ಮತ್ತು 2023ನ್ನು ಹೋಲಿಸಿದವನಿಗಂತೂ ಬರಗಾಲದ ಹಾನಿ ಇರುವುದಕ್ಕಿಂತ ದೊಡ್ಡದಾಗಿ ತೋರುತ್ತದೆ. ಅರ್ಥ್ ಎಂಜಿನ್‌ನಲ್ಲಿ ‘ಹಾರ್ಮೊನೈಸ್ಡ್’ ಎಂದು ಹೆಸರಿರುವ ಸಂಗ್ರಹ ಆರಿಸಿಕೊಂಡರೆ ಈ ಸಾವಿರವನ್ನು ಅದೇ ಕಳೆದಿರುತ್ತದೆ. ಹಳೆ ಕೋಡ್ ನಕಲು ಮಾಡಿಕೊಂಡವರಿಗೆ ಆ ರಕ್ಷಣೆಯಿಲ್ಲ.

ಇಂಥದ್ದೇ ಇನ್ನೊಂದು: ಯುರೋಪಿನ ಹಳೆ ಡೌನ್‌ಲೋಡ್ ತಾಣ 2023ರ ಅಕ್ಟೋಬರ್ ಕೊನೆಗೆ ಮುಚ್ಚಿ ಕೊಪರ್ನಿಕಸ್ ಡೇಟಾ ಸ್ಪೇಸ್ ಬಂತು. ಹಳೆ ವಿಡಿಯೊಗಳು ಇನ್ನೂ ಮುಚ್ಚಿದ ಬಾಗಿಲಿಗೇ ಕಳಿಸುತ್ತವೆ, ಕಲಿಯುವವನು ತಪ್ಪು ತನ್ನದೇ ಎಂದುಕೊಂಡು ಕೈಬಿಡುತ್ತಾನೆ. ಪಾಠಕ್ಕೆ ದಿನಾಂಕ ಹಾಕಿ ವರ್ಷಕ್ಕೊಮ್ಮೆ ಪರೀಕ್ಷಿಸಲು ಒಬ್ಬರನ್ನು ನೇಮಿಸಬೇಕು. ಈ ಖರ್ಚನ್ನು ಯಾವ ಯೋಜನೆಯೂ ಬಿಡಬಾರದು.

ನಾಟಿ ಹೊತ್ತಿಗೆ ಮೋಡ

ಅಭ್ಯಾಸವನ್ನು ಕನ್ನಂಬಾಡಿಯಿಂದ ಶುರುಮಾಡುವುದು ಒಳ್ಳೆಯದು. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ ಎಂಬುದು ಈ ಭಾಗದ ಮಕ್ಕಳಿಗೂ ಬಾಯಿಪಾಠ, ದಿನದ ಮಟ್ಟ ಪತ್ರಿಕೆಯಲ್ಲಿ ಬರುತ್ತದೆ. 2023ರ ಬರದ ನಂತರದ ಬೇಸಿಗೆಯ ಚಿತ್ರವನ್ನೂ ಜಲಾಶಯ ತುಂಬಿದ ಕಾಲದ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ಹಸಿರು ಮತ್ತು ಅವಕೆಂಪು ಬ್ಯಾಂಡ್‌ಗಳಿಂದ ನೀರಿನ ಹರವು ಅಳೆಯಬಹುದು. ಉತ್ತರ ಸರಿಯೋ ತಪ್ಪೋ ಎಂದು ಕಲಿಯುವವನಿಗೇ ತಿಳಿಯುತ್ತದೆ. ಅಳೆಯುವಾಗ ಚಿತ್ರವನ್ನು ಅಕ್ಷಾಂಶ-ರೇಖಾಂಶದ ಡಿಗ್ರಿಯಲ್ಲಿ ಬಿಡದೆ ಮೀಟರ್ ಲೆಕ್ಕದ ಯುಟಿಎಂ ನಕ್ಷಾ ಪದ್ಧತಿಯ 43 ಉತ್ತರ ವಲಯಕ್ಕೆ ತರಬೇಕು. ಮೈಸೂರು, ಮಂಡ್ಯ ಎರಡಕ್ಕೂ ಸಾಫ್ಟ್‌ವೇರ್‌ನಲ್ಲಿ ಆರಿಸಬೇಕಾದ ವಲಯದ ಇಪಿಎಸ್‌ಜಿ ಸಂಖ್ಯೆ 32643.

ಬೆಳೆಗೆ ಬಂದಾಗ ಮೋಡ ಅಡ್ಡ ನಿಲ್ಲುತ್ತದೆ. ನಾಟಿ ಸಾಗುವುದು ಜುಲೈ, ಆಗಸ್ಟ್‌ನಲ್ಲಿ. ಆಗ ‘ಮೋಡ ಶೇ 20ಕ್ಕಿಂತ ಕಡಿಮೆ ಇರುವ ಚಿತ್ರ ಮಾತ್ರ ಕೊಡು’ ಎಂಬ ಪಾಠದ ಸಾಲನ್ನು ಹಾಗೇ ಓಡಿಸಿದರೆ ಒಂದು ಚಿತ್ರವೂ ಉಳಿಯದಿರಬಹುದು. ಪರದೆಯ ಮೇಲೆ ಬರುವುದು ‘ಬಿ8 ಎಂಬ ಬ್ಯಾಂಡ್ ಇಲ್ಲ’ ಎಂಬ ಕೆಂಪಕ್ಷರದ ಸಾಲು. ಬಿ8 ಎಂದರೆ ಅವಕೆಂಪಿನ ಬ್ಯಾಂಡ್. ಕಲಿಯುವವನು ಅರ್ಧವಿರಾಮ, ಕಂಸ ಹುಡುಕುತ್ತ ಕೂರುತ್ತಾನೆ. ಕೋಡ್ ಸರಿಯಾಗೇ ಇದೆ, ಚಿತ್ರಗಳ ಪಟ್ಟಿ ಖಾಲಿ. ಮೊದಲು ಪಟ್ಟಿಯಲ್ಲಿ ಎಷ್ಟು ಚಿತ್ರ ಉಳಿದಿವೆ ಎಂದು ಎಣಿಸಿ ನೋಡುವ ಒಂದು ಸಾಲು ಸೇರಿಸಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಇದಕ್ಕೆ ಪರಿಹಾರ, ತಾನೇ ತರಂಗ ಕಳಿಸಿ ಮರಳಿ ಬಂದದ್ದನ್ನು ಅಳೆಯುವ ರೇಡಾರ್. ಸೆಂಟಿನೆಲ್-1ರ ಸುಮಾರು 5.6 ಸೆಂಟಿಮೀಟರ್ ತರಂಗ ಮೋಡ ತೂರಿ ಬರುತ್ತದೆ. ನಾಟಿಗೆ ನೀರು ಕಟ್ಟಿದ ಗದ್ದೆ ಕನ್ನಡಿಯಂತೆ ತರಂಗವನ್ನು ಆಚೆ ಜಾರಿಸುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಪೈರು ತೆಂಡೆಯೊಡೆದು ಮೇಲೇಳುತ್ತಿದ್ದಂತೆ ಬೆಳ್ಳಗಾಗುತ್ತ ಹೋಗುತ್ತದೆ. ಕಪ್ಪಿನಿಂದ ಬಿಳುಪಿಗೆ ಏರುವ ಈ ಗೆರೆಯೇ ಭತ್ತದ ಗುರುತು. ಕಬ್ಬು ವರ್ಷವಿಡೀ ನಿಲ್ಲುತ್ತದೆ, ಡಿಸೆಂಬರ್-ಜನವರಿಯಲ್ಲಿ ಭತ್ತ ಕೊಯ್ದ ಮೇಲೂ ಹಸಿರಾಗೇ ಇರುತ್ತದೆ. ಎರಡೂ ಕಾಲದ ಚಿತ್ರ ಕೂಡಿಸಿದರೆ ಇವೆರಡನ್ನು ಬೇರ್ಪಡಿಸಬಹುದು. ನಿಸಾರ್‌ನ 24 ಸೆಂಟಿಮೀಟರ್ ತರಂಗ ಗಿಡದೊಳಗೆ ಇನ್ನೂ ಆಳಕ್ಕೆ ಇಳಿಯುತ್ತದೆ. ರೇಡಾರನ್ನು ‘ಮುಂದುವರಿದ ವಿಷಯ’ ಎಂದು ಕೊನೆಯ ವಾರಕ್ಕೆ ತಳ್ಳುವ ಪಠ್ಯಕ್ರಮ ಮುಂಗಾರಿನ ನಾಡಿಗೆ ಹೊಂದುವುದಿಲ್ಲ.

ನಾಲೆಯ ಲೆಕ್ಕವೂ ಇದೆ. ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗಕ್ಕೆ ನೀರು ಮೊದಲು, ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗಕ್ಕೆ ಆಮೇಲೆ. ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯಂತೆ, ಬಿಟ್ಟರೆ ಇನ್ನೂ ತಡ. ಒಂದೇ ದಿನದ ಚಿತ್ರ ಹಿಡಿದು ನಕ್ಷೆ ಮಾಡಿದವನು ಕೊನೆ ಭಾಗದ ಗದ್ದೆಗಳನ್ನೆಲ್ಲ ಪಾಳು ಎಂದು ಬರೆದುಬಿಡುತ್ತಾನೆ. ಈ ತಪ್ಪು ಹಿಡಿಯಲು ಉಪಗ್ರಹ ಬಲ್ಲವರು ಸಾಲದು, ನಾಲೆ ಬಲ್ಲವರೂ ಬೇಕು.

ಶೇ 95 ನಿಖರತೆಯ ಒಳಗುಟ್ಟು

ಆನ್‌ಲೈನ್ ಕೋರ್ಸ್‌ನ ಕೊನೆಯ ಪರದೆಯಲ್ಲಿ ಶೇ 95 ನಿಖರತೆ ಕಂಡಾಗ ಸಂತೋಷವಾಗುವುದು ಸಹಜ. ಒಂದೇ ಗದ್ದೆಯ 20 ಪಿಕ್ಸೆಲ್‌ಗಳಲ್ಲಿ 14ನ್ನು ಕಂಪ್ಯೂಟರ್‌ಗೆ ಬೆಳೆ ಗುರುತು ಕಲಿಸಲು, 6ನ್ನು ಪರೀಕ್ಷಿಸಲು ಬಳಸಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಅಕ್ಕಪಕ್ಕದ ಪಿಕ್ಸೆಲ್‌ಗಳು ಒಂದೇ ನೀರು, ಒಂದೇ ಗೊಬ್ಬರ ಉಂಡವು, ಪ್ರಶ್ನೆಪತ್ರಿಕೆ ಮೊದಲೇ ಬಿಟ್ಟುಕೊಟ್ಟಂತಾಯಿತು. ಕೆಲವು ಊರುಗಳ ಗದ್ದೆಗಳಿಂದ ಕಲಿಸಿ ಬೇರೆ ಊರುಗಳ ಗದ್ದೆಗಳಲ್ಲಿ ಪರೀಕ್ಷಿಸಬೇಕು. ಪ್ರತಿ ಬೆಳೆಗೂ ಕನಿಷ್ಠ 50 ಜಾಗ ಇರಲಿ.

ಆ ಜಾಗಗಳನ್ನು ನಡೆದೇ ತರಬೇಕು. ಕ್ಯೂಫೀಲ್ಡ್‌ನಂಥ ಉಚಿತ ಆ್ಯಪ್ ನೆಟ್‌ವರ್ಕ್ ಇಲ್ಲದೆಯೂ ಓಡುತ್ತದೆ. ಬದುವಿನ ಮೇಲೆ ನಿಂತು ಒತ್ತಿದರೆ ಫೋನಿನ ಜಿಪಿಎಸ್‌ನ ಐದಾರು ಮೀಟರ್ ವ್ಯತ್ಯಾಸದಲ್ಲಿ ಬಿಂದು ಪಕ್ಕದವರ ಜಮೀನಿಗೆ ಹೋಗಿ ಕೂರುತ್ತದೆ. ತೆಂಗಿನ ಮರದಡಿ ಇನ್ನೂ ಹೆಚ್ಚು. ಗದ್ದೆಯ ನಡುವಿಗೆ ಹೋಗಿ ಅರ್ಧ ನಿಮಿಷ ನಿಂತು ಬೆಳೆ, ಅದರ ಹಂತ, ದಿನಾಂಕ ಮೂರನ್ನೂ ಬರೆದುಕೊಳ್ಳಬೇಕು. ಪೈರು ತುಳಿಯುವ ಮುನ್ನ ಗದ್ದೆಯವರನ್ನು ಕೇಳಬೇಕು. ಆನ್‌ಲೈನ್ ಪಾಠದಲ್ಲಿ ಇದನ್ನು ಕಲಿಸಲಾಗದು ಎಂಬುದೇ ಕ್ಯಾಂಪಸ್ ತರಬೇತಿಯೇ ಬೇಕು ಎನ್ನುವವರ ಮುಖ್ಯ ವಾದ. 20-25 ಜನಕ್ಕೆ ಒಬ್ಬ ಸ್ಥಳೀಯ ಮಾರ್ಗದರ್ಶಿ, ಎರಡು ಭಾನುವಾರದ ಹೊಲದ ಕೆಲಸ ಸೇರಿಸಿದರೆ ಆ ವಾದಕ್ಕೆ ಉತ್ತರ ಸಿಗುತ್ತದೆ.

ಕನ್ನಡದಲ್ಲಿ ಹೇಳುವುದು

ಪಿಕ್ಸೆಲ್, ಬ್ಯಾಂಡ್, ರೇಡಾರ್ ಹಾಗೇ ಇರಲಿ, ಯಾರಿಗೂ ತೊಂದರೆಯಿಲ್ಲ. ತೊಡಕಾಗುವುದು ವಾಕ್ಯಗಳಲ್ಲಿ: ಏಕೆ ಕಳೆಯಬೇಕು, ಏಕೆ ಭಾಗಿಸಬೇಕು, ಏಕೆ ಈ ಚಿತ್ರ ಬಿಟ್ಟು ಆ ಚಿತ್ರ ಎಂಬ ಕಾರ್ಯಕಾರಣ ಇಂಗ್ಲಿಷಿನಲ್ಲಿ ಓಡಿಹೋದಾಗ ಗುಂಡಿ ಒತ್ತುವ ಕ್ರಮ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಗುಂಡಿ ಜಾಗ ಬದಲಾದ ದಿನ ಕಲಿತದ್ದೆಲ್ಲ ಹೋಯಿತು. ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನವಿದೆ, ರಾಷ್ಟ್ರೀಯ ಅನುವಾದ ಮಿಷನ್ ಅಲ್ಲೇ ಇದೆ, ದೂರಶಿಕ್ಷಣಕ್ಕೆಂದೇ ಮುಕ್ತಗಂಗೋತ್ರಿಯಲ್ಲಿ ಮುಕ್ತ ವಿಶ್ವವಿದ್ಯಾನಿಲಯವಿದೆ, ಮಂಡ್ಯದಲ್ಲಿ ವಿ.ಸಿ. ಫಾರಂನ ಬೆಳೆ ವಿಜ್ಞಾನಿಗಳಿದ್ದಾರೆ. ಸುಮಾರು 50 ಕಿಲೋಮೀಟರ್ ಹಾದಿಯೊಳಗೆ ಭಾಷೆ, ಬೋಧನೆ, ಬೆಳೆ ಮೂರನ್ನೂ ಬಲ್ಲವರು ಸಿಗುವ ಜಾಗ ದೇಶದಲ್ಲಿ ಹೆಚ್ಚಿಲ್ಲ.

ಮುಂದೆ ಏನಾಗಬಹುದು

ಹೊರಗಿನ ಪಾಠವನ್ನೇ ನೆಚ್ಚಿಕೊಂಡರೆ ಅದು ನಿಂತಾಗ ಕೈ ಖಾಲಿ. ನಾಸಾ ಮತ್ತು ಅಮೆರಿಕದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್ ಕೂಡಿ 2005ರಲ್ಲಿ ಶುರುಮಾಡಿದ ಸರ್ವಿರ್ ಕಾರ್ಯಕ್ರಮ ಹಿಮಾಲಯದ ದೇಶಗಳಿಂದ ಆಫ್ರಿಕಾವರೆಗೆ ಜನರನ್ನು ತಯಾರು ಮಾಡುತ್ತಿತ್ತು. ಯುಎಸ್‌ಏಡ್ ಸಂಸ್ಥೆಯೇ 2025ರಲ್ಲಿ ಮುಚ್ಚಿತು. ಪಾಠದ ಕಡತ, ಅಭ್ಯಾಸದ ಚಿತ್ರ, ಕಲಿಸಬಲ್ಲ ಮನುಷ್ಯ ಮೂರೂ ಊರಲ್ಲೇ ಉಳಿದಿದ್ದ ಕಡೆ ಕೆಲಸ ಮುಂದುವರಿಯುವ ದಾರಿ ಇರುತ್ತದೆ.

ನಮಗೆ ಹತ್ತಿರದ ಪರಿಣಾಮ ಬೆಳೆ ವಿಮೆಯದು. ಫಸಲ್ ಬಿಮಾ ಯೋಜನೆಯಲ್ಲಿ 2023ರಿಂದ ಭತ್ತ ಮತ್ತು ಗೋಧಿಯ ಇಳುವರಿ ಲೆಕ್ಕಕ್ಕೆ ಉಪಗ್ರಹ ಸೇರಿದ ತಂತ್ರಜ್ಞಾನದ ಅಂದಾಜಿಗೆ ಕನಿಷ್ಠ ಶೇ 30ರ ಪಾಲು ಕೊಡಲಾಗಿದೆ, ಉಳಿದದ್ದು ಬೆಳೆ ಕಟಾವು ಪ್ರಯೋಗಕ್ಕೆ. ಕಟಾವು ಪ್ರಯೋಗ ರೈತರ ಕಣ್ಣೆದುರು ನಡೆಯುತ್ತದೆ, ತೂಕ ಹಾಕುವಾಗ ಪಕ್ಕದಲ್ಲಿ ನಿಂತು ನೋಡಬಹುದು. ಉಪಗ್ರಹದ ಶೇ 30ನ್ನು ನಿಂತು ನೋಡುವವರು ಯಾರು? ಗ್ರಾಮ ಪಂಚಾಯಿತಿಗೆ ಬಂದ ಅಂಕಿಯಲ್ಲಿ ಅನುಮಾನ ಬಂದರೆ, ಆ ಹಂಗಾಮಿನ ಸೆಂಟಿನೆಲ್-1 ಚಿತ್ರಗಳನ್ನು ತೆರೆದು ‘ಇಲ್ಲಿ ಗದ್ದೆಗೆ ನೀರು ನಿಂತದ್ದೇ ಆಗಸ್ಟ್ ಕೊನೆಗೆ, ನೀವು ಜುಲೈ ನಾಟಿಯೆಂದು ಲೆಕ್ಕ ಹಾಕಿದ್ದೀರಿ’ ಎಂದು ದಿನಾಂಕ ಸಮೇತ ತೋರಿಸಬಲ್ಲವರು ತಾಲ್ಲೂಕಿಗೆ ಇಬ್ಬರಾದರೂ ಇರಬೇಕು. ಆ ಚಿತ್ರ ಉಚಿತವಾಗಿ ಸಿಗುತ್ತದೆ, ಹೋಬಳಿಯಷ್ಟೇ ಕತ್ತರಿಸಿದರೆ ಕೆಲವೇ ಎಂಬಿ.